ಹತ್ತು ಹೆಂಗಸರ ಇಪ್ಪತ್ತನಾಲ್ಕು ಗಂಟೆ

ಅಮೆರಿಕಕ್ಕೆ ನಾನು ಹೋದವಳಲ್ಲ, ಹೋಗುವ ಆಸೆಯೂ ಈಗ ಉಳಿದಿಲ್ಲ. ಆದರೆ ಅಲ್ಲಿಯವರು ಬೆಳಿಗ್ಗೆ ಎಷ್ಟು ಹೊತ್ತಿಗೆ ಮನೆ ಬಿಡುತ್ತಾರೆ, ಕಾರಿನಲ್ಲಿ ಒಬ್ಬರೇ ಹೋಗುತ್ತಾರೋ ಜೊತೆಗಾರರಿದ್ದಾರೋ, ಮನೆಯಲ್ಲಿ ಮಲಗುವ ಕೋಣೆ ಎಷ್ಟು, ಆಡುವ ಭಾಷೆ ಯಾವುದು, ಹೋದ ವರ್ಷವೂ ಇದೇ ಮನೆಯಲ್ಲಿದ್ದರೋ ಬೇರೆಲ್ಲಿಂದಲೋ ಬಂದರೋ, ಇದೆಲ್ಲ ನನಗೆ ಬಾಯಿಪಾಠವಾಗಿದ್ದ ಕಾಲವೊಂದಿತ್ತು. ನನ್ನ ಸ್ವಂತ ಅತ್ತಿಗೆ ಮೈಸೂರಿನಲ್ಲಿ ಎಷ್ಟು ಹೊತ್ತಿಗೆ ಏಳುತ್ತಾಳೆಂದು ಕೇಳಿದ್ದರೆ ಮಾತ್ರ ತಲೆ ಕೆರೆದುಕೊಳ್ಳಬೇಕಿತ್ತು.

ಆಗ ನಾವು ಬಹ್ರೇನಿನ ಉಮ್ ಅಲ್ ಹಸ್ಸಮ್‌ನಲ್ಲಿ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯಲ್ಲಿದ್ದೆವು. ಎರಡು ಸಾವಿರದ ಏಳೆಂಟರ ಮಾತು. ನನ್ನವರು ಕಾರ್ಖಾನೆಯಲ್ಲಿ ಎಂಜಿನಿಯರು. ಮಗಳು ಈಸಾ ಟೌನಿನ ಇಂಡಿಯನ್ ಸ್ಕೂಲಿಗೆ ಬೆಳಿಗ್ಗೆ ಆರೂಕಾಲರ ಬಸ್ಸು ಹತ್ತಿ ಹೋದರೆ ಬರುವುದು ಮಧ್ಯಾಹ್ನ ಎರಡಕ್ಕೆ. ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದ ನಾನು ನಾಲ್ಕು ವರ್ಷ ಒಗ್ಗರಣೆಗೆ ಸಾಸಿವೆ ಎಣಿಸುತ್ತ ಕೂತಿದ್ದೆ. ಆಮೇಲೆ ಮನಾಮಾದ ಒಂದು ಸಣ್ಣ ಕಚೇರಿಯಲ್ಲಿ ಬೆಳಗಿನ ಹೊತ್ತಿನ ಕೆಲಸ ಸಿಕ್ಕಿತು. ಅಡುಗೆಮನೆಯ ಸಾಮಾನು ಮಾರುವ ಅಮೆರಿಕದ ಕಂಪನಿಯೊಂದಕ್ಕೆ ಅಲ್ಲಿನ ಜನಸಂಖ್ಯೆಯ ಕೋಷ್ಟಕಗಳನ್ನು ಜಿಲ್ಲಾವಾರು ಬಿಡಿಸಿ, ಯಾವ ಊರಿನಲ್ಲಿ ಎಂಥವರಿದ್ದಾರೆ ಎಂದು ಬರೆದುಕೊಡುವುದು ನಮ್ಮ ಕೆಲಸ. ನಾವು ಐದು ಜನ, ನಾಲ್ಕು ಕಂಪ್ಯೂಟರು, ಸದಾ ಸೋರುವ ಒಂದು ಏಸಿ.

ಆ ಅಂಕಿಗಳಲ್ಲಿ ನನಗೆ ಸಿಕ್ಕ ಅಮೆರಿಕ ಟಿವಿಯ ಅಮೆರಿಕವಲ್ಲ. ಕತ್ತಲಿರುವಾಗಲೇ ಕೆಲಸಕ್ಕೆ ಹೊರಡುವವರೇ ತುಂಬಿರುವ ಊರು, ಒಬ್ಬೊಬ್ಬರೇ ಇರುವ ಮನೆಗಳು, ಅಜ್ಜಿಯೇ ಮೊಮ್ಮಕ್ಕಳನ್ನು ಸಾಕುವ ಮನೆಗಳು, ಫೋನಿಲ್ಲದ ಮನೆ, ಕಾರಿಲ್ಲದ ಮನೆ. ಅವರ ಕೋಷ್ಟಕದಲ್ಲಿ ಎಲ್ಲರಿಗೂ ಒಂದು ಸಾಲು ಇತ್ತು. ಮದುವೆಯಾದವರು, ಬಿಟ್ಟವರು, ಬಿಟ್ಟೂ ಬಿಡದೆ ದೂರವಿರುವವರು, ಮದುವೆಯಿಲ್ಲದೆ ಕೂಡಿ ಬಾಳುವವರು. ನಮ್ಮ ಗಲ್ಫಿನಲ್ಲೋ ಊರಿನಲ್ಲಿ ಹೆಂಡತಿ, ಮೂರು ಮಕ್ಕಳಿರುವವನಿಗೂ ಬ್ಯಾಚುಲರ್ ಎಂದೇ ಹೆಸರು. ಒಂದು ಕೋಣೆಯಲ್ಲಿ ಆರು ಜನ ಅಪ್ಪಂದಿರು ಇದ್ದರೆ ಅದು ಬ್ಯಾಚುಲರ್ ರೂಮು. ಇದನ್ನು ಯಾವ ಸಾಲಿಗೆ ಹಾಕುತ್ತೀರಿ ಎಂದು ನಮ್ಮ ಮ್ಯಾನೇಜರನ್ನು ಕೇಳಿದ್ದೆ. ಪಾಲಕ್ಕಾಡಿನವರು, ಕಡಿಮೆ ಮಾತಿನ ಮನುಷ್ಯ, ಅವರೂ ಹಾಗೆ ಹದಿನೈದು ವರ್ಷ ಬ್ಯಾಚುಲರ್ ಆಗಿದ್ದವರು. ನಕ್ಕುಬಿಟ್ಟರು.

ನಮ್ಮದು ಹತ್ತು ಕನ್ನಡ ಸಂಸಾರಗಳ ಒಂದು ಶುಕ್ರವಾರದ ಗುಂಪು. ಸರದಿಯ ಮೇಲೆ ಒಬ್ಬೊಬ್ಬರ ಮನೆಯಲ್ಲಿ ಊಟ. ಗಂಡಸರು ಸೋಫಾದಲ್ಲಿ, ಹೆಂಗಸರು ಅಡುಗೆಮನೆಯಲ್ಲಿ, ಮಕ್ಕಳು ಇಂಗ್ಲಿಷಿನಲ್ಲಿ. ನನಗೆ ಕೆಲಸ ಸಿಕ್ಕ ಮೇಲೆ ಸೋಫಾದವರಿಗೆ ಒಂದು ಹೊಸ ಆಟ ಸಿಕ್ಕಿತು. “ಏನ್ರೀ, ಈ ವಾರ ನಿಮ್ಮ ಅಮೆರಿಕದಲ್ಲಿ ಎಷ್ಟು ಡೈವೋರ್ಸು?” ಎಂದು ಒಬ್ಬರು ಶುರು ಮಾಡುವುದು, ಎಲ್ಲರೂ ನಗುವುದು. ಕೊನೆಗೆ ಯಾರಾದರೊಬ್ಬರು, ನಮ್ಮಲ್ಲಿ ಇನ್ನೂ ಫ್ಯಾಮಿಲಿ ಅನ್ನೋದು ಉಳಿದಿದೆ ಎಂದು ನಿಟ್ಟುಸಿರು ಬಿಟ್ಟು ಇನ್ನೊಂದು ಹೋಳಿಗೆಗೆ ಕೈ ಚಾಚುವುದು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆ ಹೋಳಿಗೆ ಮಾಡಲು ಯಾರು ಎಷ್ಟು ಹೊತ್ತಿಗೆ ಎದ್ದಿದ್ದರು ಎಂದು ಆ ಸೋಫಾದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನನ್ನ ಕೆಲಸ ಖಾಯಂ ಆಗಿರಲಿಲ್ಲ. ಗಂಡನ ವೀಸಾದ ಮೇಲೆ ಬಂದವಳು ನಾನು. ಖಾಯಂ ಆಗಬೇಕಾದರೆ ವೀಸಾ ನನ್ನ ಕಚೇರಿಗೆ ಬದಲಾಗಬೇಕು, ಅದಕ್ಕೆ ಗಂಡ ತನ್ನ ಅಡ್ಡಿಯಿಲ್ಲವೆಂದು ಎನ್‌ಒಸಿ ಬರೆದುಕೊಡಬೇಕು. ಅದಕ್ಕೂ ಮುಂಚೆ ಕಚೇರಿಯವರು ನನ್ನನ್ನು ಬೇಕು ಎನ್ನಬೇಕು. ಆ ವರ್ಷ ಅಂಥ ಒಂದೇ ಒಂದು ಜಾಗ ಖಾಲಿಯಾಯಿತು, ತಂಡದ ಮುಖ್ಯಸ್ಥರ ಜಾಗ. ಅದಕ್ಕೆ ನಾನು ಮತ್ತು ಗೋವಾದ ಒಬ್ಬ ಹುಡುಗಿ, ಇಬ್ಬರೇ. ಆ ಜಾಗ ನನಗೆ ಎಷ್ಟು ಬೇಕಾಗಿತ್ತೆಂದರೆ, ಗುರುತಿನ ಕಾರ್ಡಿನಲ್ಲಿ ಗೃಹಿಣಿ ಎಂದಿರುವುದು ಅಳಿಸಿ ಇನ್ನೊಂದು ಶಬ್ದ ಬರುವುದನ್ನು ನಾನು ಸ್ನಾನ ಮಾಡುವಾಗಲೂ ಯೋಚಿಸುತ್ತಿದ್ದೆ.

ಅದೇ ಹೊತ್ತಿಗೆ ಕಂಪನಿಯಿಂದ ಹೊಸ ಬಗೆಯ ಕೆಲಸ ಬಂತು. ಇನ್ನು ಮೇಲೆ ಬರೀ ಕೋಷ್ಟಕವಲ್ಲ, ದಿನಚರಿ. ಅಲ್ಲಿಯ ಜನ ಬೆಳಗಿನ ನಾಲ್ಕರಿಂದ ಮರುದಿನದ ನಾಲ್ಕರವರೆಗೆ ಏನೇನು ಮಾಡಿದರು, ಎಷ್ಟು ಹೊತ್ತು, ಯಾರ ಜೊತೆ ಎಂದು ಹೇಳಿದ್ದನ್ನು ನಾವು ಓದಿ ಸಂಕೇತ ಸಂಖ್ಯೆ ಹಾಕಬೇಕು. ಬಟ್ಟೆ ಮಡಿಸುವುದಕ್ಕೆ ಒಂದು ಸಂಖ್ಯೆ, ನಾಯಿಯನ್ನು ತಿರುಗಾಡಿಸುವುದಕ್ಕೆ ಒಂದು, ಸುಮ್ಮನೆ ಕೂತು ಯೋಚಿಸುವುದಕ್ಕೂ ಒಂದು. ನಾನು ಮಂತ್ರ ಹಾಕಿಸಿಕೊಂಡವಳ ಹಾಗೆ ಓದುತ್ತಿದ್ದೆ. ಓಹಾಯೋದ ಒಬ್ಬ ಲಾರಿ ಡ್ರೈವರು ಮಗಳಿಗೆ ಜಡೆ ಹಾಕಲು ಇಪ್ಪತ್ತು ನಿಮಿಷ ಎಂದು ಬರೆಸಿದ್ದ. ಇನ್ನೊಬ್ಬಳು ಮಧ್ಯಾಹ್ನ ಕಾರಿನೊಳಗೆ ಕೂತು ಅಳುತ್ತಿದ್ದೆ, ಹದಿನೈದು ನಿಮಿಷ, ಒಬ್ಬಳೇ ಎಂದಿದ್ದಳು. ನಾಚಿಕೆಯಿಲ್ಲದೆ, ಹಲ್ಲುಜ್ಜಿದೆ ಎಂದು ಹೇಳುವಷ್ಟೇ ಸಲೀಸಾಗಿ. ಎಷ್ಟೋ ಕಡೆ ನೆನಪಿಲ್ಲ ಎಂದು ಬಿಟ್ಟ ಜಾಗವೂ ಇರುತ್ತಿತ್ತು.

ಅಭ್ಯಾಸಕ್ಕೆಂದು ಮ್ಯಾನೇಜರು ನಮ್ಮಿಬ್ಬರಿಗೂ ಖಾಲಿ ಹಾಳೆಗಳ ಕಟ್ಟು ಕೊಟ್ಟರು. ನಿಮ್ಮ ನಿಮ್ಮ ಪರಿಚಯದವರಿಂದ ಹತ್ತು ಗಂಡಸರದು, ಹತ್ತು ಹೆಂಗಸರದು ತುಂಬಿಸಿ ತನ್ನಿ, ಸಂಕೇತ ಹಾಕಿ, ಯಾರದು ಚೆನ್ನಾಗಿದೆಯೋ ಅವರಿಗೆ ಆ ಜಾಗ ಎಂದರು. ಆ ಶುಕ್ರವಾರ ನಾನು ಜಂಬದಿಂದ ಹತ್ತು ಮನೆಗೂ ಎರಡೆರಡು ಹಾಳೆ ಹಂಚಿದೆ. ಒಂದು ಗಂಡನಿಗೆ, ಒಂದು ಹೆಂಡತಿಗೆ, ಅವರವರದು ಅವರವರೇ ಬರೆಯಬೇಕು ಎಂದು ಸೋಫಾದ ಮುಂದೆ ನಿಂತು ಮೇಷ್ಟರ ಹಾಗೆ ಹೇಳಿದೆ. ಎಲ್ಲರೂ ತಲೆಯಾಡಿಸಿದರು.

ವಾರದೊಳಗೆ ಹಾಳೆಗಳು ಬಂದವು. ಒಂದೊಂದೇ ಜೋಡಿ ಬಿಡಿಸಿ ನೋಡುತ್ತೇನೆ, ಎರಡರಲ್ಲೂ ಒಂದೇ ಕೈಬರಹ. ಎಲ್ಲ ಮನೆಯದೂ ಅಷ್ಟೇ. ಹೆಂಡತಿಯರ ಹಾಳೆಗಳನ್ನೂ ಗಂಡಂದಿರೇ ತುಂಬಿದ್ದರು. ಕೆಟ್ಟ ಉದ್ದೇಶದಿಂದಲ್ಲ. ಗಲ್ಫಿನಲ್ಲಿ ನಮ್ಮ ಹೆಂಗಸರ ಕಾಗದಗಳೆಲ್ಲ ಹಾಗೇ ಆಗುವುದು. ವೀಸಾ, ಗುರುತಿನ ಕಾರ್ಡು, ಆಸ್ಪತ್ರೆ, ಮಕ್ಕಳ ಶಾಲೆ, ಯಾವ ಫಾರ್ಮು ಬಂದರೂ ಗಂಡ ತುಂಬುತ್ತಾನೆ, ಕೊನೆಗೆ ಪೆನ್ಸಿಲಿನಲ್ಲಿ ಒಂದು ಅಡ್ಡಗೆರೆ ಹಾಕಿ ಇಲ್ಲಿ ಸಹಿ ಮಾಡು ಎನ್ನುತ್ತಾನೆ. ಫಾರ್ಮು ಎಂದ ಕೂಡಲೇ ಕೈ ತಾನಾಗಿ ಪೆನ್ನಿಗೆ ಹೋಗುತ್ತದೆ.

ಅವರು ಬರೆದದ್ದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಒಬ್ಬರ ಹೆಂಡತಿ ಎಂಟು ಗಂಟೆಗೆ ಎದ್ದಳು, ಅವಳ ಮಗನ ಸ್ಕೂಲ್ ಬಸ್ಸು ಆರಕ್ಕೆ. ಒಬ್ಬಳು ಮಧ್ಯಾಹ್ನದ ಅಡುಗೆಯನ್ನು ಅರ್ಧ ಗಂಟೆಯಲ್ಲಿ ಮುಗಿಸಿದಳು, ಮಾಡಿದ್ದು ಬಿಸಿಬೇಳೆ ಭಾತು. ಉಳಿದಂತೆ ಒಂಬತ್ತೂ ಹೆಂಗಸರ ದಿನ ಒಂದೇ ಶಬ್ದದಿಂದ ತುಂಬಿತ್ತು: ರೆಸ್ಟ್. ಒಂಬತ್ತರಿಂದ ಹನ್ನೊಂದು ರೆಸ್ಟ್, ಎರಡೂವರೆಯಿಂದ ನಾಲ್ಕು ರೆಸ್ಟ್, ಸಂಜೆ ಟಿವಿ ಮತ್ತು ರೆಸ್ಟ್. ಓದಿದವರು ಬಹ್ರೇನಿನ ಕನ್ನಡ ಹೆಂಗಸರಿಗೆಲ್ಲ ಏನೋ ಕಾಯಿಲೆ ಬಡಿದಿದೆ ಎಂದುಕೊಳ್ಳಬೇಕು.

ಹತ್ತನೆಯ ಜೋಡಿ ನಮ್ಮ ಮನೆಯದೇ. ನಾನು ಊಟದ ಮೇಜಿನ ಮೇಲೆ ಇಟ್ಟುಹೋಗಿದ್ದ ಎರಡು ಹಾಳೆಯನ್ನೂ ನನ್ನವರು ತುಂಬಿಟ್ಟಿದ್ದರು. ನನ್ನದರಲ್ಲಿ ಬೆಳಿಗ್ಗೆ ಎಂಟರಿಂದ ಒಂದೂವರೆಯ ಎದುರಿಗೆ ಅಂದವಾದ ಅಕ್ಷರದಲ್ಲಿ ಬರೆದಿತ್ತು: ಟೈಂಪಾಸ್, ಬ್ರಾಕೆಟ್ಟಿನಲ್ಲಿ ಆಫೀಸ್.

“ರೀ, ಇದೇನಿದು?” ಎಂದೆ.

“ನಿಂಗೆ ಹೆಲ್ಪ್ ಆಗ್ಲಿ ಅಂತ ನಾನೇ ಫಿಲ್ ಮಾಡ್ಬಿಟ್ಟೆ ಕಣೆ. ಸೈನ್ ಒಂದು ಹಾಕು.”

“ನನ್ನ ಕೆಲಸ ಟೈಂಪಾಸಾ?”

“ಅಯ್ಯೋ, ಅದನ್ನೇ ಹಿಡ್ಕೊಂಡ್ಯಾ? ನೀನೇ ಹೇಳಿದ್ಯಲ್ಲ ಸೇರೋವಾಗ, ಮನೇಲಿ ಕೂತು ಬೋರು, ಟೈಂಪಾಸ್ ಆಗುತ್ತೆ ಅಂತ.”

ಹೇಳಿದ್ದೆ, ನಿಜ. ಅವರ ಅನುಮತಿ ಬೇಕಿತ್ತು, ಹಾಗೆ ಹೇಳಿದರೆ ಬೇಗ ಸಿಗುತ್ತದೆಂದು ಗೊತ್ತಿತ್ತು. ನಮ್ಮ ಸಂಕೇತ ಪುಸ್ತಕದ ಮೊದಲ ನಿಯಮ, ಹೇಳಿದವರ ಮಾತಿಗೇ ಸಂಖ್ಯೆ ಹಾಕಬೇಕು, ನಿನಗೆ ಗೊತ್ತಿರುವುದನ್ನು ಅದಕ್ಕೆ ಸೇರಿಸಬಾರದು. ಟೈಂಪಾಸಿಗೆ ಇದ್ದ ಸಂಖ್ಯೆ ವಿರಾಮ, ಮನರಂಜನೆ. ನನ್ನ ಐದೂವರೆ ಗಂಟೆಗೆ ನನ್ನ ಕೈಯಿಂದಲೇ ಆ ಸಂಖ್ಯೆ ಹಾಕಬೇಕಾಗಿತ್ತು. ಹಾಕಲಿಲ್ಲ. ಹಾಳೆಯನ್ನು ಹರಿದೆ. ಹರಿದ ಮೇಲೆ ಉಳಿದ ಒಂಬತ್ತು ಹೆಂಗಸರ ಹಾಳೆಗಳನ್ನೂ ಹರಿದೆ.

ಆಮೇಲೆ ಮಾಡಿದ್ದನ್ನು ಈಗ ನೆನೆದರೆ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಆಗ ಮಾತ್ರ ಅದು ನ್ಯಾಯವೆಂದೇ ಅನಿಸಿತ್ತು. ಶನಿವಾರ ಮಧ್ಯಾಹ್ನ ಮೇಜಿನ ಮುಂದೆ ಕೂತು ಹತ್ತು ಹೊಸ ಹಾಳೆ ತೆಗೆದುಕೊಂಡು ಹತ್ತು ಹೆಂಗಸರ ದಿನವನ್ನೂ ನಾನೇ ಬರೆದೆ. ಇವರೆಲ್ಲ ನನಗೆ ಗೊತ್ತಿಲ್ಲದವರೇ? ಪ್ರತಿ ಶುಕ್ರವಾರ ಇವರ ಜೊತೆ ಈರುಳ್ಳಿ ಹೆಚ್ಚಿದವಳು ನಾನು. ಒಬ್ಬೊಬ್ಬರಿಗೆ ಒಂದೊಂದು ಪೆನ್ನು, ಅಕ್ಷರವನ್ನು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ವಾಲಿಸಿದೆ. ನಾಲ್ಕೂವರೆಗೆ ಎಬ್ಬಿಸಿದೆ, ಪಾತ್ರೆ ತಿಕ್ಕಿಸಿದೆ, ಹೋಂವರ್ಕ್ ಮಾಡಿಸಿದೆ, ಊರಿಗೆ ಫೋನು ಮಾಡಿಸಿದೆ. ಒಂದು ನಿಮಿಷವೂ ಲೆಕ್ಕ ತಪ್ಪಲು ಬಿಡಲಿಲ್ಲ. ಎಲ್ಲಕ್ಕಿಂತ ಪ್ರೀತಿಯಿಂದ ಬರೆದದ್ದು ಮೇಲಿನ ಮನೆಯ ಅಕ್ಕನ ದಿನ.

ಆ ಅಕ್ಕ ಮೂಡುಬಿದಿರೆ ಕಡೆಯವರು, ನನಗಿಂತ ಹತ್ತು ವರ್ಷ ಹಿರಿಯರು, ನಮ್ಮ ನೆತ್ತಿಯ ಮೇಲೆಯೇ ಅವರ ಅಡುಗೆಮನೆ. ಗಂಡನಿಗೆ ಗುಮಾಸ್ತಿಕೆ, ಬಾಯಿತುಂಬ ಪ್ರತಿಷ್ಠೆ. ಅಕ್ಕ ನಸುಕಿನಲ್ಲೆದ್ದು ಪಕ್ಕದ ಬೀದಿಯ ಬ್ಯಾಚುಲರುಗಳಿಗೆ ದುಡ್ಡಿಗೆ, ಲೈಸೆನ್ಸಿಲ್ಲದೆ, ಊಟದ ಡಬ್ಬಿ ಕಟ್ಟುತ್ತಿದ್ದರು. ಗಂಡ ಅದರ ಬಗ್ಗೆ ಎಲ್ಲೂ ಬಾಯಿ ಬಿಡುವವರಲ್ಲ. ಹೆಂಡತಿಯ ಹಾಳೆಯಲ್ಲಿ ಅವರು ಬರೆದದ್ದು ಟಿವಿ ಸೀರಿಯಲ್. ಆ ಜಾಗದಲ್ಲಿ ನಾನು ಡಬ್ಬಿಗಳನ್ನೆಲ್ಲ ಬರೆದೆ. ಬೇಳೆ ಬೇಯುವ ಹೊತ್ತು, ಮೀನು ಹುರಿಯುವ ಹೊತ್ತು, ಹನ್ನೊಂದೂವರೆಗೆ ಒಬ್ಬರು ಬಂದು ಡಬ್ಬಿ ಒಯ್ಯುವ ಹೊತ್ತು, ಒಂದೂ ಬಿಡಲಿಲ್ಲ. ಬರೆಯುವಾಗ ಕಣ್ಣಲ್ಲಿ ನೀರು ಬಂತು.

ಭಾನುವಾರ ಇಪ್ಪತ್ತೂ ಹಾಳೆ ಒಪ್ಪಿಸಿದೆ. ಮಂಗಳವಾರ ಮ್ಯಾನೇಜರು ಒಳಗೆ ಕರೆದರು. ಹೆಂಗಸರ ಹತ್ತು ಹಾಳೆ ಮೇಜಿನ ಮೇಲೆ ಸಾಲಾಗಿ ಹರಡಿತ್ತು.

“ಯೇ ಸಬ್ ಆಪ್ ನೇ ಲಿಖಾ ಹೈ ನಾ?” ಎಂದರು, ಇದೆಲ್ಲ ನೀವೇ ಬರೆದದ್ದಲ್ಲವಾ ಎಂದು. ದನಿ ಏರಿರಲಿಲ್ಲ.

ಅಕ್ಷರ ಸಿಕ್ಕಿಬಿತ್ತೇ ಎಂದುಕೊಂಡೆ. ಅಕ್ಷರದ ಮಾತೇ ಅವರು ಎತ್ತಲಿಲ್ಲ. ಈ ಕೆಲಸ ಬಂದಾಗಿನಿಂದ ನೂರಾರು ದಿನಚರಿ ನೋಡಿದ್ದೇನೆ, ಮರೆತ ಅರ್ಧ ಗಂಟೆಯಿಲ್ಲದ ಮನುಷ್ಯರನ್ನು ಕಂಡಿಲ್ಲ, ನಿಮ್ಮ ಹತ್ತು ಜನರಲ್ಲಿ ಒಬ್ಬಳೂ ಏನನ್ನೂ ಮರೆತಿಲ್ಲ ಎಂದರು. ಗಂಡಂದಿರು ಬರೆದದ್ದನ್ನು, ನಾನು ಹರಿದದ್ದನ್ನು, ಎಲ್ಲ ಹೇಳಿದೆ. ಅವರು ಹತ್ತೂ ಹಾಳೆಗಳನ್ನು ಒಟ್ಟುಮಾಡಿ ನನ್ನ ಕಡೆ ಸರಿಸಿದರು. ಕೊನೆಗೆ, ಬರುವ ಭಾನುವಾರದವರೆಗೆ ಹೊತ್ತಿದೆ, ಆ ಹೆಂಗಸರ ಕೈಯಿಂದಲೇ ಬರೆಸಿ ತನ್ನಿ, ತಂದರೆ ಈ ಹಾಳೆಗಳನ್ನು ನಾನು ನೋಡಿಯೇ ಇಲ್ಲ ಎಂದರು. ಬೇರೆ ಯಾರಾದರೂ ಆಗಿದ್ದರೆ ಅವತ್ತೇ ಮನೆಗೆ ಕಳಿಸುತ್ತಿದ್ದರು.

ಮರುದಿನ ಸಂಜೆ ನನ್ನವರು ಬಂದವರೇ ಒಂದು ಲಕೋಟೆ ಮುಂದೆ ಹಿಡಿದರು. ಟೈಪಿಂಗ್ ಸೆಂಟರಿನಲ್ಲಿ ಅರಬ್ಬಿಯಲ್ಲೂ ಇಂಗ್ಲಿಷಿನಲ್ಲೂ ಹೊಡೆಸಿದ ಎನ್‌ಒಸಿ, ಕೆಳಗೆ ಅವರ ಸಹಿ.

“ತಗೋ. ಇನ್ಮೇಲೆ ಟೈಂಪಾಸ್ ಅನ್ನಲ್ಲ, ಆಯ್ತಾ?”

ಮನುಷ್ಯ ಕೆಟ್ಟವನಾಗಿದ್ದರೆ ಎಷ್ಟು ಸುಲಭವಿತ್ತು ಎಂದು ಅವತ್ತು ಅನಿಸಿತು. ಕಚೇರಿಯಲ್ಲಿ ನಡೆದದ್ದನ್ನು ಹೇಳಲು ಬಾಯಿ ಬರಲಿಲ್ಲ. ಲಕೋಟೆಯನ್ನು ಬೀರುವಿನಲ್ಲಿ ಸೀರೆಗಳ ಕೆಳಗಿಟ್ಟೆ.

ಗುರುವಾರ ಸಂಜೆ ಮೊದಲು ಹೋದದ್ದು ಮೇಲಿನ ಅಕ್ಕನ ಮನೆಗೆ. ಅವರದೊಂದು ಸಿಕ್ಕರೆ ಉಳಿದ ಎಂಟೂ ಸಿಕ್ಕಿದಂತೆಯೇ, ಗುಂಪಿನ ಹೆಂಗಸರೆಲ್ಲ ಅವರ ಮಾತು ಕೇಳುತ್ತಿದ್ದರು. ಅಕ್ಕ ಹೆಗಲ ಮೇಲೆ ಟವೆಲು ಹಾಕಿಕೊಂಡು ಮರುದಿನದ ಕೊತ್ತಂಬರಿ ಸೋಸುತ್ತಿದ್ದರು. ಗಂಡ ಇನ್ನೂ ಬಂದಿರಲಿಲ್ಲ. ಅವರ ಗಂಡ ಬರೆದದ್ದರ ಹರಿದ ತುಂಡುಗಳನ್ನು ಟೇಪು ಹಾಕಿ ಕೂಡಿಸಿದ್ದೆ. ಅದನ್ನೂ ನಾನು ಬರೆದದ್ದನ್ನೂ ಅವರ ಮುಂದಿಟ್ಟು, ಅಕ್ಕ, ತಪ್ಪಾಯಿತು, ಈಗ ನೀವೇ ಬರೆದುಕೊಡಿ, ನನ್ನ ಕೆಲಸ ಇದರ ಮೇಲಿದೆ ಎಂದೆ.

ಅಕ್ಕ ಪಿಯುಸಿವರೆಗೆ ಓದಿದವರು, ಇಂಗ್ಲಿಷು ನಿಧಾನವಾಗಿ ಓದುತ್ತಿದ್ದರು. ಗಂಡನ ಹಾಳೆ ಓದಿ ನಕ್ಕರು. “ಸೀರಿಯಲ್ಲಂತೆ! ಪಾಪ, ಅವರಾದ್ರೂ ಎಂತ ಮಾಡೂದು ಮಾರಾಯ್ರೆ. ಡಬ್ಬಿದ್ದು ಬರೆದ್ರೆ ಆ ಕಾಗದ ಮತ್ತೆ ಯಾರ ಕೈಗೆ ಹೋಗ್ತದೋ ಅಂತ ಹೆದರಿಕೆ.”

ಆಮೇಲೆ ನನ್ನ ಹಾಳೆ ಕೈಗೆತ್ತಿಕೊಂಡರು. ಇದಕ್ಕೆ ನಗಲಿಲ್ಲ. “ಎಲ್ಲ ಬರೆದಿದ್ದೀರಲ್ಲ ನೀವು. ಹೆದರಿಕೆ ಆಗ್ಲಿಲ್ವಾ ನಿಮ್ಗೆ? ಡಬ್ಬಿ ಎಂಟಲ್ಲ, ಹನ್ನೊಂದು.” ಬೆರಳು ಸಾಲಿನಿಂದ ಸಾಲಿಗೆ ಇಳಿಯುತ್ತ ಒಂದು ಕಡೆ ನಿಂತಿತು. “ಎರಡೂವರೆಗೆ ನಾನು ಮಲಗ್ತೇನೆ ಅಂತ ಯಾರು ಹೇಳಿದ್ದು ನಿಮ್ಗೆ?”

ನಾನು ಬಗ್ಗಿ ನೋಡಿದೆ. ಎರಡೂವರೆಯಿಂದ ನಾಲ್ಕು, ರೆಸ್ಟ್. ನನ್ನದೇ ಅಕ್ಷರ, ಎಡಕ್ಕೆ ವಾಲಿಸಿದ್ದು. ಗಂಡನ ಹಾಳೆಯಲ್ಲೂ ಅದೇ ಹೊತ್ತಿಗೆ ಅದೇ ಶಬ್ದ.

“ಮಲಗುವುದಿಲ್ವಾ ಅಕ್ಕ?”

“ಅವರಿಗೂ ಗೊತ್ತಿಲ್ಲ, ನಿಮ್ಗೂ ಗೊತ್ತಿಲ್ಲ. ಇಬ್ರೂ ಒಂದೇ ಹಾಗೆ ಬರೆದಿದ್ದೀರಿ.” ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಚುಚ್ಚಿತು. “ನಾನು ಆಗ ಹೊರಗೆ ಹೋಗೂದು. ದಿನಾ. ನಿಮ್ಮ ಬಾಗಿಲಿನ ಎದುರೇ ಇಳಿದು ಹೋಗೂದು.”

“ಎಲ್ಲಿಗೆ?”

“ಅದು ಹೇಳೂದಿಲ್ಲ.”

ಕೆಟ್ಟದ್ದೇನಾದರೂ ಎಂದು ನನ್ನ ಮುಖ ಹೇಳಿರಬೇಕು. ಅಕ್ಕ ಕೊತ್ತಂಬರಿಯ ಬೇರು ಮುರಿಯುತ್ತ, “ನೀವು ನೆನೆಸಿದ ಹಾಗೆ ಎಂತ ಇಲ್ಲ. ಒಂದೂವರೆ ಗಂಟೆ ನಾನು ಯಾರಿಗೂ ಎಂತದೂ ಅಲ್ಲ, ಅಷ್ಟೇ,” ಎಂದರು.

“ಹಾಗಾದರೆ ಆ ಒಂದೂವರೆ ಗಂಟೆ ಖಾಲಿ ಬಿಟ್ಟು ಬರೆಯಿರಿ ಅಕ್ಕ. ಅಮೆರಿಕದವರೂ ಬಿಡ್ತಾರೆ, ನೆನಪಿಲ್ಲ ಅಂತ. ಏನೂ ತೊಂದರೆಯಿಲ್ಲ.” ನಿಜ ಹೇಳುತ್ತೇನೆ, ಆ ಗಳಿಗೆಯಲ್ಲೂ ನನ್ನ ತಲೆಯಲ್ಲಿದ್ದದ್ದು ಖಾಲಿ ಜಾಗವಿದ್ದರೆ ಮ್ಯಾನೇಜರು ನಂಬುತ್ತಾರೆ ಎಂಬ ಲೆಕ್ಕಾಚಾರವೇ.

“ಅವರಿಗೆ ನಡೀತದೆ. ಅವರ ಗಂಡ ಕಾಗದ ನೋಡಿ, ಇಲ್ಲಿ ಯಾಕೆ ಖಾಲಿ ಅಂತ ಕೇಳೂದಿಲ್ಲ. ಇಲ್ಲಿ ಖಾಲಿ ಬಿಟ್ರೆ ಕೇಳ್ತಾರೆ. ಮಲಗ್ತೇನೆ ಅಂತ ಇದ್ರೆ ಯಾರೂ ಕೇಳೂದಿಲ್ಲ.” ಗಂಡನ ಹಾಳೆಯನ್ನು ನನ್ನ ಕಡೆ ಸರಿಸಿದರು. ನಾನು ಬರೆದದ್ದನ್ನು ನಾಲ್ಕಾಗಿ ಮಡಿಸಿ ಸ್ಟೋವಿನ ಉರಿಗೆ ಹಿಡಿದರು. “ಅವರು ಬರೆದದ್ದೇ ಇರ್ಲಿ. ನಂಗೆ ಅದೇ ಒಳ್ಳೇದು.”

ಅಲ್ಲಿ ನಿಂತು ನನಗೆ ಅತ್ತುಬಿಡೋಣ ಅನಿಸಿತು, ಜಗಳವಾಡೋಣ ಅಂತಲೂ ಅನಿಸಿತು. ಆ ಶಬ್ದವನ್ನು ನಾನು ಹತ್ತು ದಿನದಿಂದ ಬೈಯುತ್ತಿದ್ದೆ, ಅಕ್ಕ ಅದರ ಮರೆಯಲ್ಲಿ ವರ್ಷಗಟ್ಟಲೆ ಮನೆ ದಾಟಿ ಹೋಗುತ್ತಿದ್ದರು. ಉಳಿದ ಎಂಟು ಮನೆಗಳ ಹೆಂಗಸರೂ ಹಾಗೆ ಎಲ್ಲೆಲ್ಲಿ ಏನೇನು ಮುಚ್ಚಿಟ್ಟಿದ್ದರೋ ಯಾರಿಗೆ ಗೊತ್ತು. ಅವರ ಬಾಗಿಲು ತಟ್ಟಿ, ನಿಜ ಬರೆಯಿರಿ, ನನಗೆ ನೌಕರಿ ಬೇಕು ಎನ್ನುವ ಮುಖ ನನಗೆ ಉಳಿದಿರಲಿಲ್ಲ.

ಭಾನುವಾರ ಹತ್ತು ಹಾಳೆಯನ್ನು ಖಾಲಿಯಾಗಿಯೇ ಹಿಂತಿರುಗಿಸಿದೆ. ಮ್ಯಾನೇಜರು ಅವನ್ನು ಖಾಲಿ ಹಾಳೆಗಳ ಕಟ್ಟಿಗೇ ಸೇರಿಸಿದರು. ಜಾಗ ಗೋವಾದ ಹುಡುಗಿಗೆ ಹೋಯಿತು. ನನಗೆ ಆ ತಿಂಗಳ ಕೊನೆಗೆ ಸಾಕು ಎಂದರು. ನನ್ನವರಿಗೆ, ಅಮೆರಿಕದ ಕಂಪನಿ ಕೆಲಸ ಕಡಿಮೆ ಮಾಡಿತಂತೆ ಎಂದೆ. ಪಾಪ, ಅವರು ಅಮೆರಿಕವನ್ನು ಒಂದಿಷ್ಟು ಬೈದರು. ಗುಂಪಿನಲ್ಲೂ ಹಾಗೇ ಹೇಳಿದರು, ಸೋಫಾದವರು ತಲೆಯಾಡಿಸಿದರು. ನನ್ನ ಕಾರ್ಡಿನಲ್ಲಿ ಗೃಹಿಣಿ ಎಂದೇ ಉಳಿಯಿತು.

ಕೆಲಸ ಬಿಟ್ಟ ಮೊದಲ ಸೋಮವಾರ ಮಧ್ಯಾಹ್ನ ಮಗಳಿಗೆ ಊಟ ಬಡಿಸುತ್ತಿದ್ದೆ. ಎರಡೂವರೆಗೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದಾಯಿತು. ಮೂರು ವರ್ಷದಿಂದ ದಿನವೂ ಕೇಳಿದ್ದ ಸದ್ದೇ ಅದು, ಯಾರೋ ಎಂದುಕೊಂಡಿದ್ದೆ. ಮಗಳು ಯಾರಮ್ಮಾ ಎಂದಳು. ಯಾರೂ ಇಲ್ಲ, ನೀನು ಊಟ ಮಾಡು ಎಂದೆ.